ಮನೆಯ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಕಾಟ: ಬೀಗ ಬೀಳುವ ಮೊದಲು ಮಾಡಬೇಕಾದ ಕೆಲಸಗಳು

ರ‍್ಯಾನ್ಸಮ್‌ವೇರ್ ಅಂದರೆ ನಿಮ್ಮ ಫೈಲುಗಳನ್ನು ತೆರೆಯಲಾಗದಂತೆ ಗೂಢಲಿಪಿಗೆ ಬದಲಿಸಿ, ಅಂದರೆ ಬೀಗ ಹಾಕಿ, ತೆಗೆಯಲು ದುಡ್ಡು ಕೇಳುವ ಕೆಟ್ಟ ತಂತ್ರಾಂಶ. ಬಹಳಷ್ಟು ರ‍್ಯಾನ್ಸಮ್‌ವೇರ್‌ಗಳು ಕಂಪ್ಯೂಟರಿನೊಳಗೆ ಕಾಲಿಟ್ಟ ಕೂಡಲೇ ಒಂದು ಕೆಲಸ ಮಾಡುತ್ತವೆ. ವಿಂಡೋಸ್ ತನ್ನ ಪಾಡಿಗೆ ತೆಗೆದಿಟ್ಟುಕೊಂಡಿರುವ ಫೈಲುಗಳ ಹಳೆಯ ನಕಲುಗಳನ್ನು ಹುಡುಕಿ ಅಳಿಸಿಹಾಕುತ್ತವೆ. ಫೋಟೋ, ಪತ್ರ, ಲೆಕ್ಕದ ಹಾಳೆಗಳಿಗೆ ಬೀಗ ಹಾಕುವ ಕೆಲಸ ಅದರ ಜೊತೆಜೊತೆಗೇ ನಡೆಯುತ್ತದೆ. ವಾಪಸ್ ಬರುವ ದಾರಿ ಮುಚ್ಚಿದರೆ ಮಾತ್ರ ನೀವು ದುಡ್ಡು ಕೊಡುತ್ತೀರಿ ಅನ್ನುವುದು ಇವನ್ನು ಬರೆದವರಿಗೆ ಚೆನ್ನಾಗಿ ಗೊತ್ತು.

ನಮ್ಮ ದಾರಿಯೂ ಇಲ್ಲೇ ಇದೆ. ಕಂಪ್ಯೂಟರಿನ ಕೈಗೆ ಸಿಗದ ಜಾಗದಲ್ಲಿ ಒಂದು ನಕಲು ಇದ್ದರೆ, ಬೀಗ ಹಾಕಿದವರ ಮಾತಿಗೆ ಬೆಲೆಯೇ ಇರುವುದಿಲ್ಲ. ಆ್ಯಂಟಿವೈರಸ್, ಅಪ್‌ಡೇಟ್, ಎಚ್ಚರ ಎಲ್ಲವೂ ಬೇಕು. ಎಲ್ಲದರ ಬಗ್ಗೆಯೂ ಕೆಳಗೆ ಬರೆದಿದ್ದೇನೆ. ಆದರೆ ಇವತ್ತು ನಿಮಗೆ ಒಂದೇ ಗಂಟೆ ಬಿಡುವಿದ್ದರೆ ಅದನ್ನು ಪೂರ್ತಿ ಬ್ಯಾಕಪ್‌ಗೆ ಕೊಡಿ. ಉಳಿದದ್ದು ನಾಳೆ ಮಾಡಿದರೂ ನಡೆಯುತ್ತದೆ.

ವಿಂಡೋಸ್ ಕಂಪ್ಯೂಟರ್ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ, ಮನೆಗಳಲ್ಲಿ ಅದೇ ಜಾಸ್ತಿ. ಮ್ಯಾಕ್ ಇರುವವರೂ ಓದಿ. 2016ರ ಮಾರ್ಚ್‌ನಲ್ಲಿ ಕೀರೇಂಜರ್ ಅನ್ನುವ ರ‍್ಯಾನ್ಸಮ್‌ವೇರ್ ಮ್ಯಾಕ್‌ಗಳಿಗೆ ಬಂದಿತ್ತು. ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ತಂತ್ರಾಂಶವನ್ನು ಅದರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಂಡವರಿಗೆ ಅದು ಅಂಟಿತ್ತು.

ಬೀಗ ಹೇಗೆ ಬೀಳುತ್ತದೆ

ಈ ದಂಧೆ ಹೊಸದಲ್ಲ. 1989ರಲ್ಲಿ ಏಡ್ಸ್ ಟ್ರೋಜನ್ ಅನ್ನುವ ತಂತ್ರಾಂಶ ಫ್ಲಾಪಿ ಡಿಸ್ಕ್‌ಗಳಲ್ಲಿ, ಅಂಚೆಯ ಮೂಲಕ ಜನರ ಕೈ ಸೇರಿತು. ಸುಮಾರು 90 ಸಲ ಕಂಪ್ಯೂಟರ್ ಆನ್ ಮಾಡಿದ ಮೇಲೆ ಅದು ಎಚ್ಚರವಾಗುತ್ತಿತ್ತು. ಫೈಲುಗಳ ಹೆಸರುಗಳನ್ನೆಲ್ಲ ಕಲಸಿಹಾಕಿ, ಪನಾಮಾದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಎಂದು ಕೇಳುತ್ತಿತ್ತು. ಆದರೆ ಬೀಗ ಹಾಕಲು, ತೆಗೆಯಲು ಒಂದೇ ಕೀಲಿ ಇತ್ತು. ತಜ್ಞರು ಅದನ್ನು ಬಿಡಿಸಿ, ಸರಿಪಡಿಸುವ ತಂತ್ರಾಂಶವನ್ನೂ ಹಂಚಿದರು.

ಈಗ ಕೀಲಿಗಳು ಎರಡು. ಒಂದು ಬೀಗ ಹಾಕಲಿಕ್ಕೆ ಮಾತ್ರ, ಇನ್ನೊಂದು ತೆಗೆಯಲಿಕ್ಕೆ ಮಾತ್ರ. ಹಾಕುವ ಕೀಲಿ ನಿಮ್ಮ ಕಂಪ್ಯೂಟರಿಗೆ ಬರುತ್ತದೆ. ತೆಗೆಯುವ ಕೀಲಿ ಅವರ ಹತ್ತಿರವೇ ಉಳಿಯುತ್ತದೆ. ಲೆಕ್ಕ ಸರಿಯಾಗಿ ಮಾಡಿ ಬರೆದ ರ‍್ಯಾನ್ಸಮ್‌ವೇರ್ ಆದರೆ ಎಷ್ಟು ದೊಡ್ಡ ಕಂಪ್ಯೂಟರ್ ತಂದಿಟ್ಟರೂ ಆ ಬೀಗ ಒಡೆಯುವುದಿಲ್ಲ. ಅದಕ್ಕೇ "ಆಮೇಲೆ ಯಾರಾದರೂ ಸರಿ ಮಾಡಿಕೊಡುತ್ತಾರೆ" ಎಂದು ನಂಬಿ ಕೂರಬೇಡಿ.

ಮೊದಲ ಕೆಲಸ: ಬಿಚ್ಚಿಟ್ಟ ಬ್ಯಾಕಪ್

ಬಿಚ್ಚಿಟ್ಟ ಅನ್ನುವ ಮಾತನ್ನು ಬೇಕೆಂದೇ ಬಳಸಿದ್ದೇನೆ. ನನಗೆ ಪರಿಚಯದವರೊಬ್ಬರು ಬ್ಯಾಕಪ್ ವಿಷಯದಲ್ಲಿ ತುಂಬಾ ಶಿಸ್ತಿನವರು. ಹೊರಗಿನ ಹಾರ್ಡ್ ಡಿಸ್ಕ್ ಕೊಂಡು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ್ದರು. ದಿನವೂ ತಾನಾಗಿಯೇ ನಕಲಾಗುತ್ತಿತ್ತು. ರ‍್ಯಾನ್ಸಮ್‌ವೇರ್ ಬಂದ ದಿನ ಕಂಪ್ಯೂಟರಿನ ಫೈಲುಗಳಿಗೂ ಬೀಗ ಬಿತ್ತು, ಆ ಡಿಸ್ಕ್‌ನ ಫೈಲುಗಳಿಗೂ ಬಿತ್ತು. ಮಗುವಿನ ಮೊದಲ ಎರಡು ವರ್ಷದ ಫೋಟೋಗಳು ಅದರಲ್ಲಿದ್ದವು. ಅವರು ತಪ್ಪು ಮಾಡಿದರು ಎಂದು ನಾನು ಹೇಳಲಾರೆ. ಡಿಸ್ಕ್ ಸದಾ ಸಿಕ್ಕಿಸಿಕೊಂಡಿದ್ದರೆ ಅದೂ ಕಂಪ್ಯೂಟರಿನ ಒಂದು ಭಾಗವೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಈಗ ಮಾಡಬೇಕಾದದ್ದು:

1. ಏನು ಉಳಿಯಬೇಕು ಎಂದು ಪಟ್ಟಿ ಮಾಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಎಲ್ಲರಿಗೂ ನೆನಪಾಗುತ್ತವೆ. ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲುಗಳು, ಡೌನ್‌ಲೋಡ್ಸ್‌ನಲ್ಲಿ ಮರೆತ ಪಿಡಿಎಫ್‌ಗಳು, ಫೋನಿನಿಂದ ಇಳಿಸಿಟ್ಟ ವಿಡಿಯೋಗಳು, ಸ್ಕ್ಯಾನ್ ಮಾಡಿದ ದಾಖಲೆಗಳು ಮರೆತುಹೋಗುತ್ತವೆ. ತಂತ್ರಾಂಶಗಳನ್ನು ನಕಲು ಮಾಡಬೇಕಿಲ್ಲ, ಅವು ಮತ್ತೆ ಸಿಗುತ್ತವೆ.

2. ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ತನ್ನಿ. ನಿಮ್ಮ ಫೈಲುಗಳೆಲ್ಲ ಸೇರಿ ಹಿಡಿಸುವ ಜಾಗಕ್ಕಿಂತ ಎರಡು ಪಟ್ಟು ದೊಡ್ಡದಿರಲಿ, ಏಕೆಂದರೆ ಹಳೆಯ ನಕಲೂ ಅದರಲ್ಲಿ ಉಳಿಯಬೇಕು. ಆಗುತ್ತದೆ ಅನ್ನುವವರು ಎರಡು ಡಿಸ್ಕ್ ಇಟ್ಟುಕೊಳ್ಳಿ. ಒಂದು ವಾರ ಇದು, ಇನ್ನೊಂದು ವಾರ ಅದು.

3. ಡಿಸ್ಕ್ ಸಿಕ್ಕಿಸುವ ಮೊದಲು ಕಂಪ್ಯೂಟರಿನಲ್ಲಿ ನಾಲ್ಕೈದು ಫೋಟೋ, ಒಂದೆರಡು ದಾಖಲೆ ತೆರೆದು ನೋಡಿ. ಸರಿಯಾಗಿ ತೆರೆದುಕೊಂಡರೆ ಮಾತ್ರ ಮುಂದಕ್ಕೆ ಹೋಗಿ. ಅರ್ಧ ನಿಮಿಷದ ಕೆಲಸ ಇದು. ಬೀಗ ಬೀಳುತ್ತಿರುವ ಹೊತ್ತಿಗೇ ಬ್ಯಾಕಪ್ ಡಿಸ್ಕ್ ಸಿಕ್ಕಿಸುವುದನ್ನು ಇದು ತಪ್ಪಿಸುತ್ತದೆ.

4. ಡಿಸ್ಕ್‌ನಲ್ಲಿ ಇವತ್ತಿನ ತಾರೀಕಿನ ಹೆಸರಿನ ಒಂದು ಫೋಲ್ಡರ್ ಮಾಡಿ, ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ. ಇಷ್ಟು ಸರಳವಾದ ವಿಧಾನವೇ ಸಾಕು. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿರುವ ಫೈಲ್ ಹಿಸ್ಟರಿ ಬಳಸಿದರೆ ಬದಲಾದ ಫೈಲುಗಳನ್ನಷ್ಟೇ ಅದು ನಕಲು ಮಾಡಿಕೊಳ್ಳುತ್ತದೆ, ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಟೈಮ್ ಮಷೀನ್ ಇದೇ ಕೆಲಸ ಮಾಡುತ್ತದೆ.

5. ಮುಗಿದ ಮೇಲೆ ಇಜೆಕ್ಟ್ ಕೊಟ್ಟು, ಕೇಬಲ್ ಬಿಚ್ಚಿ, ಡಿಸ್ಕ್ ಅನ್ನು ಬೀರುವಿನಲ್ಲಿಡಿ. ಈ ಹೆಜ್ಜೆ ಬಿಟ್ಟರೆ ಮೇಲಿನ ನಾಲ್ಕೂ ವ್ಯರ್ಥ.

6. ಹೊಸ ನಕಲು ಪೂರ್ತಿಯಾಗುವ ತನಕ ಹಳೆಯದನ್ನು ಅಳಿಸಬೇಡಿ. ಯಾವಾಗಲೂ ಕೊನೆಯ ಎರಡು ನಕಲಾದರೂ ಇರಲಿ. ರ‍್ಯಾನ್ಸಮ್‌ವೇರ್ ಬಂದದ್ದು ಗೊತ್ತಾಗದೆ ಬೀಗ ಬಿದ್ದ ಫೈಲುಗಳನ್ನೇ ಹಳೆಯದರ ಮೇಲೆ ಕಾಪಿ ಮಾಡಿದರೆ ಇದ್ದದ್ದೂ ಹೋಗುತ್ತದೆ.

ತಿಂಗಳಿಗೊಮ್ಮೆ ಇನ್ನೊಂದು ಕೆಲಸ ಇದೆ. ಆ ಡಿಸ್ಕ್ ಅನ್ನು ಬೇರೊಂದು ಕಂಪ್ಯೂಟರಿಗೆ ಸಿಕ್ಕಿಸಿ ಹತ್ತು ಫೈಲು ತೆರೆದು ನೋಡಿ. ಒಂದು ಹಳೆಯ ಫೋಟೋ, ಒಂದು ದೊಡ್ಡ ವಿಡಿಯೋ, ಒಂದು ದಾಖಲೆ, ಹೀಗೆ ಬೇರೆ ಬೇರೆ ಜಾತಿಯವು. ಕಾಪಿ ಆಗಿದೆ ಎಂದು ಪರದೆ ಹೇಳಿತು ಅಂದ ಮಾತ್ರಕ್ಕೆ ಫೈಲು ತೆರೆದುಕೊಳ್ಳುತ್ತದೆ ಅಂತಲ್ಲ. ಡಿಸ್ಕ್‌ಗಳೂ ಕೆಡುತ್ತವೆ. ಇದು ಬೇಕಾದ ದಿನ ಗೊತ್ತಾಗುವುದಕ್ಕಿಂತ ಇವತ್ತೇ ಗೊತ್ತಾಗಲಿ, ಅಲ್ವಾ?

ಎಷ್ಟು ದಿನಕ್ಕೊಮ್ಮೆ ಬ್ಯಾಕಪ್ ಮಾಡಬೇಕು ಎಂದು ತುಂಬಾ ಜನ ಕೇಳುತ್ತಾರೆ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ಎಷ್ಟು ದಿನದ ಕೆಲಸ ಕಳೆದುಹೋದರೆ ನಿಮಗೆ ಪರವಾಗಿಲ್ಲ? ಒಂದು ವಾರ ಅಂದರೆ ವಾರಕ್ಕೊಮ್ಮೆ. ಮನೆಯಿಂದಲೇ ಕೆಲಸ ಮಾಡುವವರಿಗೆ, ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳಿಗೆ ಒಂದು ವಾರವೂ ದೊಡ್ಡದೇ. ಅವರು ಆ ಒಂದು ಫೋಲ್ಡರನ್ನಾದರೂ ದಿನವೂ ಪೆನ್ ಡ್ರೈವ್‌ಗೆ ಹಾಕಿ, ಬಿಚ್ಚಿಡಬೇಕು.

ಕ್ಲೌಡ್ ಇದೆಯಲ್ಲ, ಡಿಸ್ಕ್ ಯಾಕೆ?

ಒನ್‌ಡ್ರೈವ್, ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಇವುಗಳ ಮುಖ್ಯ ಕೆಲಸ ಸಿಂಕ್ ಮಾಡುವುದು. ಕಂಪ್ಯೂಟರಿನಲ್ಲಿ ಏನು ಬದಲಾಯಿತೋ ಅದೇ ಅಲ್ಲಿಯೂ ಬದಲಾಗುತ್ತದೆ. ಫೈಲಿಗೆ ಇಲ್ಲಿ ಬೀಗ ಬಿದ್ದರೆ ಬೀಗ ಬಿದ್ದ ಫೈಲೇ ಅಲ್ಲಿಗೂ ಹೋಗುತ್ತದೆ. ಹಾಗೆಂದು ಕ್ಲೌಡ್ ಬೇಡ ಅನ್ನುತ್ತಿಲ್ಲ. ಇವೆಲ್ಲದರಲ್ಲೂ ಹಳೆಯ ಆವೃತ್ತಿ ಎಂಬ ಸೌಲಭ್ಯ ಇದೆ, ಅದೇ ನಮ್ಮನ್ನು ಕಾಯುವುದು. ಗೂಗಲ್ ಡ್ರೈವ್‌ಗೆ ಅಪ್‌ಲೋಡ್ ಮಾಡಿದ ಫೈಲಿನ ಹಳೆಯ ಆವೃತ್ತಿಗಳು ಸಾಮಾನ್ಯವಾಗಿ 30 ದಿನ ಇರುತ್ತವೆ. ಮೈಕ್ರೋಸಾಫ್ಟ್ 365 ಚಂದಾದಾರರು ಇಡೀ ಒನ್‌ಡ್ರೈವ್ ಅನ್ನು ಕಳೆದ 30 ದಿನಗಳಲ್ಲಿ ಯಾವುದಾದರೂ ಒಂದು ಹೊತ್ತಿನ ಸ್ಥಿತಿಗೆ ಹಿಂದೆ ಸರಿಸಬಹುದು.

ಆ ಅವಧಿ ಮುಗಿಯುವುದರೊಳಗೆ ನಿಮಗೆ ವಿಷಯ ಗೊತ್ತಾಗಬೇಕು, ಇದು ಒಂದು ಮಿತಿ. ಇನ್ನೊಂದು, ನಿಮ್ಮ ಪಾಸ್‌ವರ್ಡ್ ಕದ್ದವರು ಅಲ್ಲಿಗೂ ಹೋಗಿ ಅಳಿಸಬಹುದು. ಕ್ಲೌಡ್ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ಅದು ಎರಡನೇ ನಕಲಾಗಿರಲಿ, ಒಂದೇ ನಕಲಾಗುವುದು ಬೇಡ. ಬ್ಯಾಕಪ್ ಬಗ್ಗೆ ತಿಳಿದವರು 3-2-1 ಎಂದು ಹೇಳುವುದೂ ಇದನ್ನೇ: ಒಟ್ಟು 3 ಪ್ರತಿ, 2 ಬೇರೆ ಬೇರೆ ಬಗೆಯ ಸಾಧನದಲ್ಲಿ, ಅದರಲ್ಲಿ 1 ಮನೆಯಿಂದ ಹೊರಗೆ. ಕಂಪ್ಯೂಟರ್, ಬೀರುವಿನ ಡಿಸ್ಕ್, ಕ್ಲೌಡ್. ಲೆಕ್ಕ ಸರಿಹೋಯಿತು.

ಮನೆಯ ನೆಟ್‌ವರ್ಕ್‌ಗೆ ಸೇರಿಸುವ ನ್ಯಾಸ್ (ಎಲ್ಲರೂ ಹಂಚಿಕೊಳ್ಳುವ ಫೈಲು ಇಡುವ) ಪೆಟ್ಟಿಗೆ ಇರುವವರಿಗೆ ಒಂದು ಮಾತು. 2021ರಲ್ಲಿ ಕ್ಯೂಲಾಕರ್, 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್‌ಗಳು ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳನ್ನೇ ನೇರವಾಗಿ ಹಿಡಿದವು. ಇಂಟರ್‌ನೆಟ್‌ನಿಂದ ನೇರವಾಗಿ ಮುಟ್ಟಬಹುದಾದ ಪೆಟ್ಟಿಗೆಗಳು ಸಿಕ್ಕಿಬಿದ್ದವು. ಹೊರಗಿನಿಂದ ಅದಕ್ಕೆ ದಾರಿ ಕೊಡಬೇಡಿ, ಅದರ ಫರ್ಮ್‌ವೇರ್ ಅಪ್‌ಡೇಟ್ ಬಿಡಬೇಡಿ, ಅದರದ್ದೂ ಒಂದು ನಕಲು ಬಿಚ್ಚಿಟ್ಟ ಡಿಸ್ಕ್‌ನಲ್ಲಿರಲಿ.

ಅಪ್‌ಡೇಟ್: 59 ದಿನಗಳ ಕತೆ

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೊಡ್ಡ ತೂತನ್ನು ಮುಚ್ಚುವ ಅಪ್‌ಡೇಟ್ ಕೊಟ್ಟಿತು. ಅದೇ ತೂತಿನಿಂದ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ನುಗ್ಗಿತು. ನಡುವೆ ಇದ್ದದ್ದು 59 ದಿನ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಅದು ತಾನೇ ಹಾರುತ್ತಿತ್ತು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್‌ಗಳಿಗೆ ಬೀಗ ಬಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಆ 59 ದಿನಗಳಲ್ಲಿ ಅಪ್‌ಡೇಟ್ ಹಾಕಿಕೊಂಡಿದ್ದವರ ಕಂಪ್ಯೂಟರಿನೊಳಕ್ಕೆ ಆ ತೂತಿನಿಂದ ಅದು ನುಗ್ಗಲು ಆಗಲಿಲ್ಲ.

ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ನೋಡಿ. ಬಾಕಿ ಇದ್ದರೆ ಹಾಕಿ, ರೀಸ್ಟಾರ್ಟ್ ಕೇಳಿದರೆ ಕೊಡಿ. ದಿನಗಟ್ಟಲೆ ಮುಂದೂಡಿದ ರೀಸ್ಟಾರ್ಟ್ ಅಂದರೆ ಅರ್ಧಕ್ಕೆ ನಿಂತ ಅಪ್‌ಡೇಟ್. ಬ್ರೌಸರ್‌ಗೂ ಇದೇ ಮಾತು. ಅದನ್ನು ಮುಚ್ಚಿ ತೆರೆದಾಗಲೇ ಹೊಸ ಆವೃತ್ತಿ ಜಾರಿಗೆ ಬರುತ್ತದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನೂ ಅದರಲ್ಲೇ ಇದ್ದೀರಾದರೆ, ಕಂಪ್ಯೂಟರ್ ಒಪ್ಪಿದರೆ ವಿಂಡೋಸ್ 11ಕ್ಕೆ ಬನ್ನಿ. ಒಪ್ಪದಿದ್ದರೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಯೋಜನೆಗೆ ಸೇರುವ ದಾರಿ ಅದೇ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಸಿಗುತ್ತದೆಯೇ ನೋಡಿ. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕುವುದೂ ಒಳ್ಳೆಯದೇ.

ಒಂದು ಎಚ್ಚರಿಕೆ. ವಿಂಡೋಸ್ ಅಪ್‌ಡೇಟ್ ಬರುವುದು ಸೆಟ್ಟಿಂಗ್ಸ್ ಒಳಗಿನಿಂದ, ಬ್ರೌಸರಿನದು ಬ್ರೌಸರ್ ಒಳಗಿನಿಂದ. 2022ರಲ್ಲಿ ಮ್ಯಾಗ್ನಿಬರ್ ಎಂಬ ರ‍್ಯಾನ್ಸಮ್‌ವೇರ್ ವಿಂಡೋಸ್ ಅಪ್‌ಡೇಟ್‌ನ ವೇಷದಲ್ಲೇ ಮನೆಗಳ ಕಂಪ್ಯೂಟರಿಗೆ ಬಂತು. ಯಾವುದೋ ಜಾಲತಾಣ ನೋಡುವಾಗ "ನಿಮ್ಮ ಬ್ರೌಸರ್ ಹಳೆಯದಾಗಿದೆ, ಇಲ್ಲಿ ಒತ್ತಿ" ಎಂದರೆ ಆ ಪುಟ ಮುಚ್ಚಿ.

ಮನೆಗೆ ಬರುವ ಮುಖ್ಯ ಬಾಗಿಲು: ಕ್ರ್ಯಾಕ್ ತಂತ್ರಾಂಶ

ಈ ಭಾಗವನ್ನು ಮನೆಯ ಮಕ್ಕಳ ಜೊತೆ ಕೂತು ಓದಿ ಎಂದು ಕೇಳಿಕೊಳ್ಳುತ್ತೇನೆ. ದೊಡ್ಡ ಕಂಪನಿಗಳನ್ನು ಹಿಡಿಯುವ ತಂಡಗಳು ಬೇರೆ. ಮನೆಯ ಕಂಪ್ಯೂಟರ್‌ಗಳನ್ನೇ ಹುಡುಕಿಕೊಂಡು ಬಂದದ್ದು ಸ್ಟಾಪ್ ಅಥವಾ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರ್ ಕುಟುಂಬ. ಅದು ಹರಡಿದ್ದು ಹೆಚ್ಚಾಗಿ ಕ್ರ್ಯಾಕ್ ಮಾಡಿದ (ಪರವಾನಗಿ ಮುರಿದು ಪುಕ್ಕಟೆ ಹಂಚುವ) ತಂತ್ರಾಂಶ, ಪುಕ್ಕಟೆ ಆ್ಯಕ್ಟಿವೇಟರ್, ಗೇಮ್‌ಗಳ ಕೀಜೆನ್ (ಸುಳ್ಳು ಪರವಾನಗಿ ಸಂಖ್ಯೆ ಹುಟ್ಟಿಸುವ ತಂತ್ರಾಂಶ) ಇವುಗಳ ಮೂಲಕ. ಕೇಳುತ್ತಿದ್ದದ್ದು 980 ಡಾಲರ್, 72 ಗಂಟೆಯೊಳಗೆ ಬಂದರೆ 490. ಪುಕ್ಕಟೆ ಅಂದುಕೊಂಡು ಇಳಿಸಿದ ತಂತ್ರಾಂಶದ ನಿಜವಾದ ಬೆಲೆಗಿಂತ ಎಷ್ಟೋ ಜಾಸ್ತಿ.

ಇಲ್ಲಿ ಒಂದು ಮಾತನ್ನು ಗಮನಿಸಿ. ಅಂಥ ಜಾಲತಾಣಗಳು "ಮೊದಲು ಆ್ಯಂಟಿವೈರಸ್ ಆಫ್ ಮಾಡಿ, ಅದು ಸುಮ್ನೆ ತಪ್ಪಾಗಿ ಕೂಗುತ್ತದೆ" ಎಂದು ಬರೆದಿರುತ್ತವೆ. ಫೈಲನ್ನು ಜಿಪ್ ಮಾಡಿ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಅದೇ ಪುಟದಲ್ಲಿ ಕೊಟ್ಟಿರುತ್ತವೆ. ಎಲ್ಲರಿಗೂ ಕಾಣುವ ಜಾಗದಲ್ಲಿ ಪಾಸ್‌ವರ್ಡ್ ಬರೆದ ಮೇಲೆ ಅದು ಯಾರಿಂದ ಕಾಪಾಡಲಿಕ್ಕೆ? ಆ್ಯಂಟಿವೈರಸ್ ಒಳಗೆ ಇಣುಕದ ಹಾಗೆ ಮಾಡಲಿಕ್ಕೆ. ಈ ಎರಡು ಗುರುತು ಕಂಡರೆ ಅಲ್ಲಿಗೇ ನಿಲ್ಲಿಸಿ.

ದುಡ್ಡು ಕೊಟ್ಟು ಕೊಳ್ಳಲಾಗದ ತಂತ್ರಾಂಶಗಳಿಗೆ ಒಳ್ಳೆಯ ಉಚಿತ ಬದಲಿಗಳಿವೆ. ಪತ್ರ, ಲೆಕ್ಕಕ್ಕೆ ಲಿಬ್ರೆಆಫೀಸ್. ಫೋಟೋ ತಿದ್ದಲು ಗಿಂಪ್. ವಿಡಿಯೋಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ. ಹುಡುಕಾಟದ ಮೊದಲ ಸಾಲಿನಲ್ಲಿ ಬರುವ ಜಾಹೀರಾತನ್ನು ಒತ್ತದೆ, ಆ ತಂತ್ರಾಂಶದ ಸ್ವಂತ ವಿಳಾಸಕ್ಕೆ ಹೋಗಿ ಇಳಿಸಿಕೊಳ್ಳಿ.

ಉಳಿದ ಬಾಗಿಲುಗಳು

ಮೊದಲು ಫೈಲಿನ ಬಾಲ, ಅಂದರೆ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಭಾಗ, ಕಾಣುವಂತೆ ಮಾಡಿ. ವಿಂಡೋಸ್ ಅದನ್ನು ಮುಚ್ಚಿಡುತ್ತದೆ. ಹಾಗಾಗಿ "ರಸೀದಿ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಎಂಬ ಫೈಲು ನಿಮಗೆ "ರಸೀದಿ ಡಾಟ್ ಪಿಡಿಎಫ್" ಎಂದಷ್ಟೇ ಕಾಣುತ್ತದೆ. ಫೈಲ್ ಎಕ್ಸ್‌ಪ್ಲೋರರ್ ತೆರೆದು, ವ್ಯೂ ಒತ್ತಿ, ಶೋ ಒಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕಿ. ಆಮೇಲೆ ಇಎಕ್ಸ್‌ಇ, ಎಸ್‌ಸಿಆರ್, ಜೆಎಸ್, ವಿಬಿಎಸ್, ಎಲ್‌ಎನ್‌ಕೆ ಎಂದು ಮುಗಿಯುವ ಯಾವುದನ್ನೂ ಈಮೇಲ್‌ನಿಂದ ತೆರೆಯಬೇಡಿ. ಬಿಲ್ಲು, ರಸೀದಿ, ಫೋಟೋ ಯಾವುದೂ ಈ ಬಾಲ ಹೊತ್ತು ಬರುವುದಿಲ್ಲ.

ವರ್ಡ್, ಎಕ್ಸೆಲ್ ಫೈಲು ತೆರೆದಾಗ ಎನೇಬಲ್ ಕಂಟೆಂಟ್ ಎಂದು ಕೇಳಿದರೆ ಒತ್ತಬೇಡಿ. ಅದು ಮ್ಯಾಕ್ರೋ, ಅಂದರೆ ಫೈಲಿನೊಳಗೆ ಅಡಗಿರುವ ಸಣ್ಣ ಪ್ರೋಗ್ರಾಂ, ಓಡಿಸುವ ಗುಂಡಿ. 2022ರಿಂದ ಮೈಕ್ರೋಸಾಫ್ಟ್ ಇಂಟರ್‌ನೆಟ್‌ನಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯುತ್ತಿದೆ. ಹಳೆಯ ಆಫೀಸ್ ಇರುವವರಿಗೆ ಆ ಕಾವಲು ಇಲ್ಲ.

ಈಚೆಗೆ ಜಾಸ್ತಿಯಾಗಿರುವ ಒಂದು ಮೋಸ ನನ್ನನ್ನು ತುಂಬಾ ಚಿಂತೆಗೆ ಹಚ್ಚಿದೆ. "ನೀವು ರೋಬಾಟ್ ಅಲ್ಲ ಎಂದು ತೋರಿಸಿ" ಅನ್ನುವ ಪುಟ ಬರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಎಂದು ಹೇಳುತ್ತದೆ. ಆ ಪುಟ ಅಷ್ಟರೊಳಗೆ ಒಂದು ಕೆಟ್ಟ ಆಜ್ಞೆಯನ್ನು ನಿಮ್ಮ ಕ್ಲಿಪ್‌ಬೋರ್ಡ್‌ಗೆ ಹಾಕಿರುತ್ತದೆ. ಆ ಮೂರು ಹೆಜ್ಜೆಯಲ್ಲಿ ನೀವೇ ನಿಮ್ಮ ಕೈಯಾರೆ ಅದನ್ನು ಓಡಿಸಿರುತ್ತೀರಿ. ಇದನ್ನು ಕ್ಲಿಕ್‌ಫಿಕ್ಸ್ ಎಂದು ಕರೆಯುತ್ತಾರೆ. ಯಾವ ಜಾಲತಾಣಕ್ಕೂ ಹಾಗೆ ತೆರೆದುಕೊಳ್ಳುವ ನಿಮ್ಮ ರನ್ ಪೆಟ್ಟಿಗೆಯಲ್ಲಿ ಏನೂ ಕೆಲಸ ಇಲ್ಲ. ಇದನ್ನು ಮನೆಯ ಹಿರಿಯರಿಗೆ ಆ ಕೀಗಳನ್ನು ತೋರಿಸಿಯೇ ಹೇಳಿ, ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ.

"ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ" ಎಂದು ಫೋನ್ ಮಾಡುವವರು, ದೂರದಿಂದ ಕಂಪ್ಯೂಟರ್ ನೋಡುವ ತಂತ್ರಾಂಶ ಹಾಕಿಸುವವರು ಮೋಸಗಾರರು. ಫೋನ್ ಇಡಿ.

ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಬಳಸದಿದ್ದರೆ ಆಫ್ ಇರಲಿ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ವಿಂಡೋಸ್‌ನಲ್ಲೇ ಇರುವ ಎರಡು ಕಾವಲು

ಬೇರೆ ಆ್ಯಂಟಿವೈರಸ್ ಕೊಳ್ಳಲೇಬೇಕು ಎಂದು ನಾನು ಹೇಳುವುದಿಲ್ಲ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಮನೆಗೆ ಸಾಕು, ಅದು ಆನ್ ಇರಬೇಕು ಅಷ್ಟೇ. ಟ್ಯಾಂಪರ್ ಪ್ರೊಟೆಕ್ಷನ್ ಕೂಡ ಆನ್ ಇದೆಯೇ ನೋಡಿ. ಡಿಫೆಂಡರನ್ನು ಬೇರೆ ತಂತ್ರಾಂಶಗಳು ಗುಟ್ಟಾಗಿ ಆಫ್ ಮಾಡದಂತೆ ಅದು ತಡೆಯುತ್ತದೆ.

ಮೊದಲನೆಯ ಕಾವಲು, ತುಂಬಾ ಜನರಿಗೆ ಗೊತ್ತಿಲ್ಲದ್ದು, ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್. 2017ರಿಂದ ವಿಂಡೋಸ್‌ನಲ್ಲಿದೆ, ಆದರೆ ಆಫ್ ಆಗಿಯೇ ಬರುತ್ತದೆ. ಇದನ್ನು ಆನ್ ಮಾಡಿದರೆ ಗುರುತಿಲ್ಲದ ತಂತ್ರಾಂಶಗಳು ನಿಮ್ಮ ಮುಖ್ಯ ಫೋಲ್ಡರ್‌ಗಳಲ್ಲಿ ಏನನ್ನೂ ಬದಲಿಸಲು ಆಗುವುದಿಲ್ಲ. ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಒತ್ತಿ. ಕೆಳಗೆ ಹೋದರೆ ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಕಾಣುತ್ತದೆ. ಅದರೊಳಗೆ ಗುಂಡಿ ಆನ್ ಮಾಡಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್ ಫೋಲ್ಡರ್‌ಗಳು ಆಗಲೇ ಪಟ್ಟಿಯಲ್ಲಿರುತ್ತವೆ. ಬೇರೆ ಡ್ರೈವ್‌ನಲ್ಲಿ ಮುಖ್ಯ ಫೋಲ್ಡರ್ ಇದ್ದರೆ ಪ್ರೊಟೆಕ್ಟೆಡ್ ಫೋಲ್ಡರ್ಸ್‌ಗೆ ಹೋಗಿ ಸೇರಿಸಿ.

ಮೊದಲ ವಾರ ಸ್ವಲ್ಪ ಕಿರಿಕಿರಿ ಆಗುತ್ತದೆ. ಗೇಮ್ ಸೇವ್ ಆಗುವುದಿಲ್ಲ, ಫೋಟೋ ತಿದ್ದುವ ತಂತ್ರಾಂಶ ತಕರಾರು ಮಾಡುತ್ತದೆ. ಬೇಸತ್ತು ಆಫ್ ಮಾಡಬೇಡಿ. ಅದೇ ಪುಟದಲ್ಲಿ ಅಲೋ ಆ್ಯನ್ ಆ್ಯಪ್ ಎಂದಿದೆ. ನೀವು ನಂಬುವ ತಂತ್ರಾಂಶಗಳನ್ನು ಒಂದೊಂದಾಗಿ ಸೇರಿಸಿ. ಹದಿನೈದು ದಿನದಲ್ಲಿ ಎಲ್ಲ ಹೊಂದಿಕೊಳ್ಳುತ್ತದೆ. ಬೇರೆ ಆ್ಯಂಟಿವೈರಸ್ ಹಾಕಿದ್ದರೆ ಈ ಸೌಲಭ್ಯ ಸಿಗುವುದಿಲ್ಲ, ಆ ತಂತ್ರಾಂಶದಲ್ಲೇ ಇಂಥದ್ದು ಇದೆಯೇ ಹುಡುಕಿ.

ಎರಡನೆಯದು ದಿನದ ಬಳಕೆಗೆ ಸಾಮಾನ್ಯ ಖಾತೆ. ಹೆಚ್ಚಿನ ಮನೆಗಳಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲೇ ಇರುತ್ತಾರೆ. ಮೊದಲು ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಇನ್ನೊಂದು ಹೊಸ ಖಾತೆ ಮಾಡಿ, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ, ಗಟ್ಟಿ ಪಾಸ್‌ವರ್ಡ್ ಹಾಕಿ. ಆಮೇಲೆ ಆ ಖಾತೆಗೆ ಲಾಗಿನ್ ಆಗಿ, ನಿಮ್ಮ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್ ಯೂಸರ್‌ಗೆ ಬದಲಿಸಿ. ಫೈಲುಗಳೆಲ್ಲ ಇದ್ದಲ್ಲೇ ಇರುತ್ತವೆ. ಏನಾದರೂ ಹೊಸದನ್ನು ಇನ್‌ಸ್ಟಾಲ್ ಮಾಡುವಾಗ ಮಾತ್ರ ಆ ಪಾಸ್‌ವರ್ಡ್ ಕೇಳುತ್ತದೆ. ಇದರಿಂದ ನಿಮ್ಮದೇ ಫೈಲುಗಳಿಗೆ ಬೀಗ ಬೀಳುವುದು ನಿಲ್ಲುವುದಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆದರೆ ವಿಂಡೋಸ್‌ನ ಹಳೆಯ ನಕಲುಗಳನ್ನು ಅಳಿಸಲು, ಡಿಫೆಂಡರ್ ಕೆಡಿಸಲು, ಮನೆಯ ಬೇರೆಯವರ ಫೈಲುಗಳನ್ನು ಮುಟ್ಟಲು ಅಡ್ಮಿನ್ ಅಧಿಕಾರ ಬೇಕು. ಅದು ಸುಲಭವಾಗಿ ಸಿಗುವುದಿಲ್ಲ.

ಬೀಗ ಬಿದ್ದೇ ಬಿಟ್ಟರೆ

ಫೈಲಿನ ಹೆಸರಿನ ಕೊನೆಗೆ ವಿಚಿತ್ರವಾದ ಬಾಲ, ತೆರೆಯದ ಫೋಟೋ, ಎಲ್ಲ ಫೋಲ್ಡರ್‌ಗಳಲ್ಲೂ ದುಡ್ಡು ಕೇಳುವ ಒಂದೇ ಹೆಸರಿನ ಚೀಟಿ. ಇವು ಕಂಡರೆ ಕೈ ನಡುಗುವುದು ಸಹಜ. ಒಂದು ಉಸಿರು ತೆಗೆದುಕೊಂಡು, ಈ ಕ್ರಮದಲ್ಲೇ ಮಾಡಿ.

1. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಮನೆಯ ಬೇರೆ ಕಂಪ್ಯೂಟರ್‌ಗಳು, ಕ್ಲೌಡ್ ಫೋಲ್ಡರ್ ಉಳಿಯುತ್ತವೆ.

2. ಸಿಕ್ಕಿಸಿರುವ ಡಿಸ್ಕ್, ಪೆನ್ ಡ್ರೈವ್ ಎಲ್ಲವನ್ನೂ ಕಿತ್ತುಬಿಡಿ.

3. ಫೈಲುಗಳು ಇನ್ನೂ ಬದಲಾಗುತ್ತಲೇ ಇದ್ದರೆ ಪವರ್ ಗುಂಡಿ ಒತ್ತಿ ಹಿಡಿದು ಕಂಪ್ಯೂಟರ್ ಆರಿಸಿ, ಮತ್ತೆ ವಿಂಡೋಸ್‌ಗೆ ಹೋಗಬೇಡಿ. ನೆಟ್‌ವರ್ಕ್ ಕಿತ್ತರೂ ಬೀಗ ಹಾಕುವ ಕೆಲಸ ಒಳಗೆ ನಡೆಯುತ್ತಿರಬಹುದು. ಎಲ್ಲ ಮುಗಿದು ಚೀಟಿ ಕಾಣಿಸಿಕೊಂಡಿದ್ದರೆ ಆರಿಸುವ ಅವಸರ ಇಲ್ಲ.

4. ಪರದೆ ಆನ್ ಇದ್ದರೆ ಅದರ ಫೋಟೋವನ್ನು ಫೋನಿನಲ್ಲಿ ತೆಗೆಯಿರಿ. ಚೀಟಿಯ ಮಾತು, ಫೈಲಿನ ಹೊಸ ಬಾಲ, ಅವರು ಕೊಟ್ಟ ಗುರುತಿನ ಸಂಖ್ಯೆ ಎಲ್ಲ ಕಾಣಲಿ. ನಿಮ್ಮಲ್ಲಿನ ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಡುವಾಗ ಇದೇ ಸಾಕ್ಷಿ.

5. ಬ್ಯಾಕಪ್ ಡಿಸ್ಕ್ ಅನ್ನು ಈ ಕಂಪ್ಯೂಟರಿಗೆ ಸಿಕ್ಕಿಸಬೇಡಿ. ಗಾಬರಿಯಲ್ಲಿ ಜನ ಮೊದಲು ಮಾಡುವುದು ಅದನ್ನೇ. ಕಂಪ್ಯೂಟರ್ ಶುದ್ಧವಾಗುವ ತನಕ ಅದು ಬೀರುವಿನಲ್ಲೇ ಇರಲಿ.

ಇನ್ನು ದುಡ್ಡಿನ ಮಾತು. ಕೊಡಬೇಡಿ ಎಂದೇ ನನ್ನ ಸಲಹೆ. ಕೊಟ್ಟರೂ ಕೀಲಿ ಸಿಗುತ್ತದೆ ಎಂಬ ಖಾತರಿ ಇಲ್ಲ. 2017ರ ಜೂನ್‌ನಲ್ಲಿ ಬಂದ ನಾಟ್‌ಪೆಟ್ಯಾ ಎಂಬುದರಲ್ಲಿ ಪರದೆಯ ಮೇಲಿನ ಗುರುತಿನ ಸಂಖ್ಯೆಯೇ ಸುಳ್ಳು. ದುಡ್ಡು ಕೊಟ್ಟವರ ಫೈಲುಗಳನ್ನು ಬಿಡಿಸುವ ದಾರಿಯನ್ನೇ ಅದು ಇಟ್ಟುಕೊಂಡಿರಲಿಲ್ಲ. "ನಾವು ನೂರಕ್ಕೆ ನೂರು ಬಿಡಿಸಿಕೊಡುತ್ತೇವೆ" ಎಂದು ಇಂಟರ್‌ನೆಟ್‌ನಲ್ಲಿ ಹೇಳಿಕೊಳ್ಳುವವರಿಂದಲೂ ದೂರ ಇರಿ. ನೊಂದವರನ್ನೇ ಹುಡುಕಿ ಎರಡನೇ ಸಲ ದೋಚುವವರು ಅಲ್ಲಿ ಇದ್ದಾರೆ.

ದುಡ್ಡಿಲ್ಲದೆ ಬಿಡಿಸುವ ದಾರಿ ಮೊದಲು ನೋಡಿ. ನೋ ಮೋರ್ ರ‍್ಯಾನ್ಸಮ್ ಎಂಬ ಜಾಲತಾಣವನ್ನು 2016ರ ಜುಲೈನಲ್ಲಿ ಡಚ್ ಪೊಲೀಸರು, ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು ಸೇರಿ ಶುರು ಮಾಡಿದರು. ಬೇರೊಂದು ಕಂಪ್ಯೂಟರಿನಿಂದ ಅಲ್ಲಿಗೆ ಹೋಗಿ, ಕ್ರಿಪ್ಟೋ ಶೆರಿಫ್ ಎಂಬ ಪುಟದಲ್ಲಿ ಬೀಗ ಬಿದ್ದ ಒಂದು ಫೈಲು ಮತ್ತು ಚೀಟಿ ಕೊಡಿ. ಖಾಸಗಿ ವಿಷಯ ಇಲ್ಲದ ಫೈಲನ್ನೇ ಆರಿಸಿ. ಯಾವ ಜಾತಿಯದು, ಬಿಡಿಸುವ ತಂತ್ರಾಂಶ ಇದೆಯೇ ಎಂದು ಅದು ಹೇಳುತ್ತದೆ. ಡಿಜೆವಿಯು ಆದರೆ ಒಂದು ಆಸೆ ಇದೆ. ಅದು ತನ್ನ ಸರ್ವರ್ ತಲುಪಲು ಆಗದಿದ್ದಾಗ ಒಳಗೇ ಇಟ್ಟುಕೊಂಡ ಕೀಲಿಯನ್ನು ಬಳಸುತ್ತಿತ್ತು. ಅಂಥ ಕೆಲವು ಕೀಲಿಗಳು ಸಿಕ್ಕಿವೆ, ಎಮ್ಸಿಸಾಫ್ಟ್‌ನ ಉಚಿತ ತಂತ್ರಾಂಶದಲ್ಲಿ ಸೇರಿವೆ.

ಅದೂ ಆಗದಿದ್ದರೆ ಫೋಟೋಗಳು ಬೇರೆಲ್ಲಿ ಉಳಿದಿವೆ ಎಂದು ನೆನಪಿಸಿಕೊಳ್ಳಿ. ಕ್ಯಾಮೆರಾದ ಹಳೆಯ ಮೆಮೊರಿ ಕಾರ್ಡ್, ಡ್ರಾಯರ್‌ನಲ್ಲಿ ಬಿದ್ದ ಹಳೆಯ ಫೋನ್, ಕಳಿಸಿದ ಈಮೇಲ್‌ಗಳು, ಕುಟುಂಬದವರ ವಾಟ್ಸ್ಆ್ಯಪ್. ಬಂಧುಗಳನ್ನು ಕೇಳಿ. ಎಷ್ಟೋ ಸಲ ಅರ್ಧಕ್ಕರ್ಧ ಅಲ್ಲೇ ಸಿಗುತ್ತದೆ. ಹಳೆಯ ಮಾದರಿಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಅಳಿಸಿದ ಮೂಲ ಫೈಲುಗಳು ಕೆಲವೊಮ್ಮೆ ಸಿಗುತ್ತವೆ. ಸಿಕ್ಕದ್ದನ್ನು ಬೇರೆ ಡಿಸ್ಕ್‌ಗೇ ಬರೆಯಿರಿ. ತಿರುಗುವ ಭಾಗವಿಲ್ಲದ ಹೊಸ ಮಾದರಿಯ ಎಸ್‌ಎಸ್‌ಡಿ ಆದರೆ ಈ ಆಸೆ ತುಂಬಾ ಕಡಿಮೆ.

ಕೊನೆಗೆ ಕಂಪ್ಯೂಟರ್ ತೊಳೆಯುವ ಕೆಲಸ. ಬೀಗ ಬಿದ್ದ ಫೈಲುಗಳನ್ನು ಒಂದು ಬೇರೆ ಡಿಸ್ಕ್‌ಗೆ ಹಾಕಿಟ್ಟುಕೊಳ್ಳಿ, ಚೀಟಿಯ ಸಮೇತ. ಬ್ಯಾಕಪ್ ಡಿಸ್ಕ್‌ಗೆ ಇವು ಸೇರಬಾರದು. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ, ಕನಿಷ್ಠ 8 ಜಿಬಿಯ ಪೆನ್ ಡ್ರೈವ್‌ನಲ್ಲಿ ವಿಂಡೋಸ್ ತಯಾರು ಮಾಡಿ. ಅದರಿಂದ ಕಂಪ್ಯೂಟರ್ ಆನ್ ಮಾಡಿ, ಹಳೆಯ ಪಾರ್ಟಿಷನ್‌ಗಳನ್ನೆಲ್ಲ (ಡಿಸ್ಕ್‌ನ ಭಾಗಗಳನ್ನು) ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ. ಎಲ್ಲ ಅಪ್‌ಡೇಟ್ ಮುಗಿದ ಮೇಲೆ ಮಾತ್ರ ಬ್ಯಾಕಪ್ ಡಿಸ್ಕ್ ಸಿಕ್ಕಿಸಿ. ಪಾಸ್‌ವರ್ಡ್‌ಗಳನ್ನೂ ಬೇರೆ ಸಾಧನದಿಂದ ಬದಲಿಸಿ, ಮೊದಲು ಈಮೇಲ್, ಆಮೇಲೆ ಬ್ಯಾಂಕ್. ಡಿಜೆವಿಯು ಜೊತೆ ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಬರುತ್ತಿತ್ತು.

ಆ ಬೀಗ ಬಿದ್ದ ಫೈಲುಗಳ ಡಿಸ್ಕ್ ಮೇಲೆ ಒಂದು ಚೀಟಿ ಅಂಟಿಸಿ: ತಾರೀಕು, ರ‍್ಯಾನ್ಸಮ್‌ವೇರ್ ಹೆಸರು, ಫೈಲಿನ ಬಾಲ. ಎಸೆಯಬೇಡಿ. ಎರಡು ಮೂರು ತಿಂಗಳಿಗೊಮ್ಮೆ ನೋ ಮೋರ್ ರ‍್ಯಾನ್ಸಮ್‌ನಲ್ಲಿ ಅದೇ ಹೆಸರು ಹುಡುಕಿ. 2015ರಲ್ಲಿ ಟೆಸ್ಲಾಕ್ರಿಪ್ಟ್ ಎಂಬುದು ಗೇಮ್ ಆಡುವವರ ಫೈಲುಗಳನ್ನು ಹಿಡಿದಿತ್ತು. 2016ರ ಮೇ ತಿಂಗಳಲ್ಲಿ ಅವರು ಅಂಗಡಿ ಮುಚ್ಚುತ್ತಿರುವುದನ್ನು ಕಂಡ ಇಸೆಟ್ ಕಂಪನಿಯ ಸಂಶೋಧಕರೊಬ್ಬರು, ಆ ತಂಡದ ಸಂದೇಶ ಪೆಟ್ಟಿಗೆಯಲ್ಲೇ ಮೂಲ ಕೀಲಿ ಕೊಡುತ್ತೀರಾ ಎಂದು ಕೇಳಿದರು. ಅವರು ಕೊಟ್ಟರು. ಫೈಲುಗಳನ್ನು ಎಸೆಯದೆ ಇಟ್ಟುಕೊಂಡಿದ್ದವರಿಗೆ ಆ ಕೀಲಿಯಿಂದ ಎಲ್ಲ ವಾಪಸ್ ಸಿಕ್ಕಿತು.